ಮೀಟರಕ್ಕ ಮಂಜು ಬಿಡಿಸಿದ ಬಗೆ

ಜನ ಅವಳನ್ನು ಮೀಟರಕ್ಕ ಎಂದು ಕರೆಯಲು ಶುರುಮಾಡಿದ್ದು ಅವಳಿಗೆ ನಲವತ್ತು ದಾಟಿದ ಮೇಲೆ. ಅದಕ್ಕೆ ಮೊದಲು ಇಪ್ಪತ್ತು ವರ್ಷ ಅವಳು ಕೈಗಡಿಯಾರ ರಿಪೇರಿ ಮಾಡುತ್ತಿದ್ದಳು. ಕೆಲಸ ಕಲಿಸಿದವರು ಸೋದರಮಾವ. ಮದುವೆಯಾಗಿ ಬರುವಾಗ ತವರಿನಿಂದ ಅವಳು ತಂದದ್ದು ಒಂದು ಪೆಟ್ಟಿಗೆ ಬಟ್ಟೆ, ಎರಡು ಚಿಮಟ, ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿ ಮತ್ತು ಯಾರು ಪಕ್ಕದಲ್ಲಿ ನಿಂತು ಕೂಗಾಡಿದರೂ ನಡುಗದ ಎರಡು ಕೈ.

ಗಂಡ ದರ್ಜಿ. ಮನೆಯ ಮುಂದಿನ ಕೋಣೆಯೇ ಇಬ್ಬರಿಗೂ ಅಂಗಡಿ. ಬಾಗಿಲಿನ ಎಡಕ್ಕೆ ಅವನ ಹೊಲಿಗೆ ಯಂತ್ರ, ಬಲಕ್ಕೆ ಅವಳ ಮೇಜು, ನಡುವೆ ಸೂರಿನಿಂದ ನೆಲದವರೆಗೆ ಒಂದು ಪ್ಲಾಸ್ಟಿಕ್ ಪರದೆ. ಬಟ್ಟೆಯ ಎಳೆಪುಡಿ ಒಂದು ಚೂರು ಗಡಿಯಾರದ ಹೊಟ್ಟೆಗೆ ಹೋದರೂ ಅದರ ಕಥೆ ಮುಗಿದಂತೆ. “ನಮ್ಮದು ಅನ್ಯೋನ್ಯವಾದ ಸಂಸಾರ, ಮಧ್ಯ ಒಂದು ಪರದೆ ಇದೆ ಅಷ್ಟೆ” ಎಂದು ಅಳತೆ ಕೊಡಲು ಬಂದವರಿಗೆಲ್ಲ ಗಂಡ ಹೇಳುತ್ತಿದ್ದ. ಇಪ್ಪತ್ತು ವರ್ಷ ಹೇಳಿದರೂ ಅವನಿಗೆ ಆ ಜೋಕು ಹಳತಾಗಿರಲಿಲ್ಲ.

ಎಲ್ಲರ ಜೇಬಿಗೂ ಫೋನು ಬಂತು. ಗಡಿಯಾರ ಕಟ್ಟುವವರು ಕಡಿಮೆಯಾದರು, ಕಟ್ಟುವವರೂ ಕೆಟ್ಟರೆ ಎಸೆದು ಹೊಸದು ಕೊಳ್ಳತೊಡಗಿದರು. ಮೇಜಿನ ಮುಂದೆ ಅವಳು ಸುಮ್ಮನೆ ಕೂತು ಬೀದಿ ನೋಡುವ ದಿನಗಳು ಹೆಚ್ಚಾದವು. ಅಂಥದ್ದೊಂದು ಮಳೆಗಾಲದ ಬೆಳಿಗ್ಗೆ ಹಾಲಿನವನು ಬೈಕಿನ ಸ್ಪೀಡ್ ಮೀಟರನ್ನು ಕೈಯಲ್ಲಿ ಹಿಡಿದುಕೊಂಡು ಒಳಗೆ ಬಂದ. ಗಾಜಿನ ಒಳಗೆಲ್ಲ ಹಬೆ ಕಟ್ಟಿ ಮುಳ್ಳು ಕಾಣುತ್ತಿರಲಿಲ್ಲ.

“ಇದೂ ಒಂಥರಾ ಗಡಿಯಾರಾನೇ ಅಲ್ವಾ ಅಕ್ಕ? ಗಾಜಿದೆ, ಮುಳ್ಳಿದೆ, ನಂಬರಿದೆ. ಒಳಗೆ ನೀರು ಹೋಗಿದೆ. ತೆಗೆದುಕೊಡಿ” ಎಂದ.

ಅವಳು ಅದರ ಸುತ್ತಲಿನ ತಗಡಿನ ಬಳೆಯನ್ನು ಉಗುರಿನಷ್ಟು ಉಗುರಿನಷ್ಟೇ ಎತ್ತಿ ಬಿಚ್ಚಿದಳು, ಒಣಗಿಸಿದಳು, ಗಾಜು ಒರೆಸಿದಳು. ಮತ್ತೆ ಮುಚ್ಚುವಾಗ ಒಂದು ಹನಿಯೂ ನುಸುಳಬಾರದೆಂದು ಎಲ್ಲ ಸಂದಿಗೂ ಅಂಟು ಮೆತ್ತಿದಳು. ತಳದಲ್ಲಿ ಸೂಜಿಮೊನೆಯಂಥ ಒಂದು ತೂತಿತ್ತು. ಅದನ್ನೂ ಬಿಡಲಿಲ್ಲ. ಕೈಗಡಿಯಾರದಲ್ಲಿ ಹಾಗೆಯೇ ಮಾಡುವುದು.

ಹದಿನೈದು ದಿನಕ್ಕೆ ಹಾಲಿನವನು ವಾಪಸು ಬಂದ. “ಅಕ್ಕ, ಮೊದಲು ಹಬೆ ಮಾತ್ರ ಇತ್ತು. ಈಗ ಮೀನು ಬಿಟ್ಟರೆ ಬದುಕುತ್ವೆ ಅನ್ಸುತ್ತೆ” ಎಂದು ಮೀಟರನ್ನು ಅಲುಗಾಡಿಸಿ ತೋರಿಸಿದ. ಒಳಗೆ ನೀರು ಕುಲುಕಿತು.

ಅವಳಿಗೆ ನಾಚಿಕೆಯಾಯಿತು. ಅವಳ ಕೈಯಿಂದ ಹೋದ ಕೆಲಸ ತಿರುಗಿ ಬಂದದ್ದು ಅಪರೂಪ. ವಾರವಿಡೀ ಆ ಮೀಟರನ್ನು ಬಿಸಿ ಮಾಡಿದಳು, ತಣ್ಣಗೆ ಮಾಡಿದಳು, ನೀರಿನ ಬಟ್ಟಲಲ್ಲಿ ಮುಳುಗಿಸಿ ಗುಳ್ಳೆ ಏಳುವುದನ್ನು ನೋಡಿದಳು. ಕೊನೆಗೆ ತಿಳಿಯಿತು. ಇಂಜಿನ್ನಿನ ಕಾವಿಗೆ, ಬಿಸಿಲಿಗೆ ಒಳಗಿನ ಗಾಳಿ ಹಿಗ್ಗಿ ಹೊರಗೆ ಹೋಗುತ್ತದೆ. ತಣ್ಣಗಾದಾಗ ಮತ್ತೆ ಹೊರಗಿನ ಗಾಳಿಯನ್ನು ಎಳೆದುಕೊಳ್ಳುತ್ತದೆ. ಅದಕ್ಕೆಂದೇ ತಳದಲ್ಲಿ ಆ ತೂತು ಇಟ್ಟಿರುತ್ತಾರೆ. ಅದನ್ನು ಮುಚ್ಚಿದರೆ ಮೀಟರು ಎಲ್ಲೋ ಒಂದು ಕೂದಲೆಳೆಯ ಸಂದಿಯಿಂದ ಉಸಿರೆಳೆಯುತ್ತದೆ. ಆ ಸಂದಿಯಲ್ಲಿ ಮಳೆನೀರು ನಿಂತಿದ್ದರೆ ನೀರನ್ನೇ ಎಳೆಯುತ್ತದೆ. ಒಳಗೆ ಹೋದದ್ದು ಮತ್ತೆ ಹೊರಗೆ ಬರಲು ದಾರಿಯಿಲ್ಲ. ಅವಳು ತೂತು ಬಿಡಿಸಿ, ಗಾಜಿನ ಸುತ್ತ ಹೊಸ ರಬ್ಬರ್ ಕೂರಿಸಿ ಕೊಟ್ಟಳು. ಹಾಲಿನವನು ಆಮೇಲೆ ಆ ಮೀಟರಿನ ವಿಷಯಕ್ಕೆ ಬರಲೇ ಇಲ್ಲ. ಅವನ ಬದಲು ಅವನ ಪರಿಚಯದವರೆಲ್ಲ ಬಂದರು. ಐದಾರು ವರ್ಷದಲ್ಲಿ ಅವಳ ಮೇಜಿನ ಮೇಲೆ ಗಡಿಯಾರಗಳ ಜಾಗವನ್ನು ಮೀಟರುಗಳು ಹಿಡಿದವು, ಹೆಸರೂ ಬದಲಾಯಿತು.

ಅವಳ ನಾದಿನಿ, ಎಂದರೆ ದರ್ಜಿಯ ತಂಗಿ, ಅದೇ ಮನೆಯಲ್ಲಿದ್ದಳು. ಮಾತು ಜಾಸ್ತಿ, ನಿದ್ದೆ ಕಡಿಮೆ. ದೊಡ್ಡಾಸ್ಪತ್ರೆಯ ರಕ್ತನಿಧಿಯಲ್ಲಿ ಬೈಕ್ ಓಡಿಸುವ ಕೆಲಸ. ಸುತ್ತಲಿನ ಸಣ್ಣ ಆಸ್ಪತ್ರೆಗಳಿಂದ ಫೋನು ಬಂದರೆ ರಕ್ತದ ಚೀಲಗಳನ್ನು ತಣ್ಣನೆಯ ಪೆಟ್ಟಿಗೆಯಲ್ಲಿಟ್ಟು, ಬೆನ್ನ ಹಿಂದೆ ಕಟ್ಟಿಕೊಂಡು ಹೋಗಿ ಮುಟ್ಟಿಸಬೇಕು. ಹದಿನೆಂಟು ಬೈಕು, ಮೂರು ಪಾಳಿ. ಏಳು ವರ್ಷದಲ್ಲಿ ಅವಳು ಒಂದು ಸಲವೂ ತಡಮಾಡಿರಲಿಲ್ಲ. ಅದನ್ನು ಅವಳೇ ದಿನಕ್ಕೆ ಎರಡು ಸಲ ಹೇಳುತ್ತಿದ್ದಳು.

ಆ ವರ್ಷದ ಚಳಿಗಾಲದಲ್ಲಿ, ಬೆಳಗಿನ ಆರು ಗಂಟೆಗೆ, ಮೂವತ್ತು ಕಿಲೋಮೀಟರ್ ಆಚೆಯ ಹೆರಿಗೆ ಆಸ್ಪತ್ರೆಯಿಂದ ಕರೆ ಬಂತು. ನಾದಿನಿ ಎರಡು ಚೀಲ ರಕ್ತ ಹೊತ್ತು ಹೊರಟಳು. ಮೀಟರಿನ ಗಾಜು ಒಳಗಿನಿಂದ ಸುಣ್ಣ ಬಳಿದ ಹಾಗೆ ಬೆಳ್ಳಗಾಗಿತ್ತು. ವೇಗವೂ ಕಾಣದು, ಪೆಟ್ರೋಲಿನ ಮುಳ್ಳೂ ಕಾಣದು. ಹಿಂದಿನ ಪಾಳಿಯವರು ಪೆಟ್ರೋಲ್ ತುಂಬಿಸಿಟ್ಟಿರುವುದು ವಾಡಿಕೆ. ಆ ನಂಬಿಕೆಯ ಮೇಲೆ ಹೋದಳು. ಹತ್ತೊಂಬತ್ತು ಕಿಲೋಮೀಟರಿಗೆ ಬೈಕು ಎರಡು ಸಲ ಕೆಮ್ಮಿ ನಿಂತುಬಿಟ್ಟಿತು. ಟ್ಯಾಂಕು ಬರಿದು.

ಅವಳು ಬೈಕನ್ನು ದಾರಿ ಪಕ್ಕ ಮಲಗಿಸಿ, ರಸ್ತೆಯ ಮಧ್ಯ ನಿಂತು ಒಂದು ತರಕಾರಿ ವ್ಯಾನನ್ನು ಅಡ್ಡಗಟ್ಟಿದಳು. ಕೋಸಿನ ಮೂಟೆಗಳ ಮೇಲೆ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತು ಆಸ್ಪತ್ರೆ ತಲುಪಿದಾಗ ನಲವತ್ತು ನಿಮಿಷ ತಡವಾಗಿತ್ತು. ತಾಯಿ ಉಳಿದಳು, ಮಗುವೂ ಉಳಿಯಿತು. ಆದರೆ ಆ ನಲವತ್ತು ನಿಮಿಷ ಕಾಗದದ ಮೇಲೆ ಬಂತು.

ವಾಹನ ವಿಭಾಗದ ಸಾಹೇಬರು ಬೈಕನ್ನು ತರಿಸಿ ನೋಡಿದ್ದು ಮಧ್ಯಾಹ್ನ ಹನ್ನೆರಡಕ್ಕೆ. ಅಷ್ಟು ಹೊತ್ತಿಗೆ ಬಿಸಿಲು ಚುರುಗುಟ್ಟುತ್ತಿತ್ತು. ಗಾಜು ತೊಳೆದಿಟ್ಟ ಲೋಟದಂತೆ ಥಳಥಳಿಸುತ್ತಿತ್ತು. ಮುಳ್ಳು ಖಾಲಿಯ ಗೆರೆಯ ಮೇಲೆ ಆರಾಮಾಗಿ ಮಲಗಿತ್ತು.

“ಎಲ್ಲಮ್ಮಾ ನಿನ್ನ ಮಂಜು?” ಎಂದು ಸಾಹೇಬರು ಕೇಳಿದರು.

“ಬೆಳಿಗ್ಗೆ ಇತ್ತು ಸಾರ್.”

“ಬೆಳಿಗ್ಗೆ ಇತ್ತು, ಈಗಿಲ್ಲ. ನಾನು ಬರೆಯೋದಾದ್ರೂ ಏನು?”

ಮೀಟರ್ ನೋಡದೆ ಗಾಡಿ ತೆಗೆದ ಅಜಾಗರೂಕತೆ ಎಂದು ಅವರು ಬರೆದರು. ಗುರುವಾರ ವಿಚಾರಣೆ, ಅಲ್ಲಿಯವರೆಗೆ ಉಗ್ರಾಣದಲ್ಲಿ ಬಾಟಲಿಗಳಿಗೆ ಚೀಟಿ ಅಂಟಿಸುವ ಕೆಲಸ.

ಮನೆಗೆ ಬಂದ ನಾದಿನಿ ಮಾತಾಡಲಿಲ್ಲ. ಅವಳು ಮಾತಾಡದೆ ಇದ್ದದ್ದೇ ಮನೆಯವರಿಗೆ ಹೆದರಿಕೆ ಹುಟ್ಟಿಸಿತು. ಅಣ್ಣ ಪರದೆಯ ಜೋಕು ಹೇಳಿ ನೋಡಿದ, ನಗಲಿಲ್ಲ. ತಟ್ಟೆಯ ಮುಂದೆ ಕೂತು ಅನ್ನ ಕಲಸಿ ಕಲಸಿ ಬಿಟ್ಟೆದ್ದಳು.

“ನೀವೂ ನಂಬಲ್ವಾ ಅತ್ತಿಗೆ?” ಎಂದು ಕೊನೆಗೆ ಕೇಳಿದಳು. “ಒಂದು ವಾರದಿಂದ ಹೇಳ್ತಿದ್ದೀನಿ, ಗಾಜಲ್ಲಿ ಏನೂ ಕಾಣಲ್ಲ ಅಂತ. ಎಲ್ಲಾರೂ ಬಿಸಿಲು ಬಂದ್ರೆ ಹೋಗುತ್ತೆ ಅಂದ್ರು. ಹೋಗುತ್ತೆ, ನಿಜ. ಹೋಗುತ್ತೆ ಅಂತಾನೇ ಈಗ ನಾನು ಸುಳ್ಳಿ ಆಗಿದ್ದೀನಿ.”

“ನಂಬೋದು ಬಿಡೋದು ಆಮೇಲೆ. ನಿಮ್ಮ ಶೆಡ್ಡು ಎಷ್ಟು ಗಂಟೆಗೆ ಬಾಗಿಲು ತೆಗೀತಾರೆ?” ಎಂದಳು ಮೀಟರಕ್ಕ.

“ಐದೂವರೆಗೆ.”

“ನಾಳೆ ನನ್ನನ್ನೂ ಕರ್ಕೊಂಡು ಹೋಗು. ಈಗ ಊಟ ಮಾಡು. ಹಸಿದ ಹೊಟ್ಟೇಲಿ ನಿನ್ನ ಹಿಂದೆ ಗಾಡೀಲಿ ಕೂರೋ ಧೈರ್ಯ ನನಗಿಲ್ಲ.”

ಮರುದಿನ ಮಂಗಳವಾರ. ಇನ್ನೂ ಸರಿಯಾಗಿ ಬೆಳಕು ಹರಿದಿರಲಿಲ್ಲ. ತಗಡಿನ ಮಾಡಿನ ಕೆಳಗೆ ಹದಿನೆಂಟು ಬೈಕುಗಳು ಸಾಲಾಗಿ ನಿಂತಿದ್ದವು. ಮೀಟರಕ್ಕ ಟಾರ್ಚು ಹಿಡಿದು ಒಂದೊಂದನ್ನೇ ನೋಡುತ್ತ ಹೋದಳು. ಹದಿಮೂರರ ಗಾಜು ಬೆಳ್ಳಗಿತ್ತು. ಐದು ಮಾತ್ರ ಶುಭ್ರ. ಅವಳು ತಿರುಗಿ ಬಂದು ಮತ್ತೆ ನೋಡಿದಳು. ಐದೂ ಸಾಲಿನ ಕೊನೆಯವು, ಒಂದರ ಪಕ್ಕ ಒಂದು. ನಡುನಡುವೆ ಎಲ್ಲೂ ಶುಭ್ರವಾದದ್ದು ಒಂದೂ ಇಲ್ಲ.

ಅವಳು ನೆಲದ ಮೇಲೆ ಮಂಡಿಯೂರಿ ಮೀಟರ್ ಡಬ್ಬಿಯ ತಳಕ್ಕೆ ಟಾರ್ಚು ಬಿಟ್ಟಳು. ಗಾಜು ಬೆಳ್ಳಗಾದ ಹದಿಮೂರರ ತಳದಲ್ಲೂ ಕರಿಯ ಪೇಸ್ಟಿನ ಒಂದೊಂದು ಉಂಡೆ. ಶುಭ್ರವಾದ ಐದರಲ್ಲಿ ಇಲ್ಲ, ತೂತು ತೆರೆದೇ ಇತ್ತು.

ಶೆಡ್ಡಿನ ಮೇಸ್ತ್ರಿ ಕೈಯಲ್ಲಿ ಚಹಾದ ಲೋಟ ಹಿಡಿದು ಬಂದು ನಿಂತಿದ್ದ. ಐವತ್ತೈದರ ಮನುಷ್ಯ, ಕಿವಿಯ ಮೇಲೊಂದು ಪೆನ್ಸಿಲು.

“ಈ ಪೇಸ್ಟು ಯಾರು ಹಾಕಿದ್ದು ಮೇಸ್ತ್ರಿ?”

“ನಾನೇ. ತೊಳೆಯೋಕೆ ಹೊಸ ಪಂಪು ಬಂತು ನೋಡಿ, ಒದ್ದ ಹಾಗೆ ನೀರು ಬರುತ್ತೆ. ಮೀಟರ್ ಒಳಗೆ ನೀರು ಹೋಗ್ತಿತ್ತು. ಇದ್ದ ತೂತೆಲ್ಲ ಮುಚ್ಚಿಬಿಟ್ಟೆ.”

“ಕೊನೇ ಐದು?”

“ಟ್ಯೂಬು ಖಾಲಿಯಾಯ್ತು. ಇನ್ನೊಂದು ಬಂದಿಲ್ಲ.”

ಮೀಟರಕ್ಕ ನೆಲದ ಮೇಲೆ ಕೂತಲ್ಲೇ ನಕ್ಕಳು. ಮೇಸ್ತ್ರಿಯ ಮುಖ ಕೆಂಪಗಾಯಿತು. ಹೊರಗಿನಿಂದ ಬಂದ ಹೆಂಗಸು ತನ್ನ ಶೆಡ್ಡಿನಲ್ಲಿ ಕೂತು ತನ್ನನ್ನು ನೋಡಿ ನಗುವುದೆಂದರೆ ಯಾರಿಗಾದರೂ ಉರಿಯುತ್ತದೆ. ಅವಳು ಕೂಡಲೇ ಕೈಯೆತ್ತಿದಳು.

“ನಿಮ್ಮನ್ನ ನೋಡಿ ನಗ್ಲಿಲ್ಲ ಮೇಸ್ತ್ರಿ. ನನ್ನ ಬುದ್ಧಿಗೆ ನಕ್ಕೆ. ನಾನು ಬಿಚ್ಚಿದ ಮೊದಲನೇ ಮೀಟರಿಗೆ ಇದನ್ನೇ ಮಾಡಿದ್ದೆ. ನೀವು ಪೇಸ್ಟು ಹಾಕಿದ್ರಿ, ನಾನು ಅಂಟು ಹಾಕಿದ್ದೆ. ಒಳಗೆ ಕೆರೆ ಆಗಿತ್ತು.”

ಆಮೇಲೆ ಅವಳು ಗಾಳಿ ಹಿಗ್ಗುವುದು, ಕುಗ್ಗುವುದು, ಸಂದಿಯ ನೀರನ್ನು ಎಳೆಯುವುದು, ಎಲ್ಲವನ್ನೂ ವಿವರಿಸಿದಳು. ಮೇಸ್ತ್ರಿ ಲೋಟ ಕೆಳಗಿಟ್ಟ. ಐದು ಶುಭ್ರ ಗಾಜುಗಳ ಹತ್ತಿರ ಹೋಗಿ ನೋಡಿದ, ಬೆಳ್ಳಗಿನ ಸಾಲಿಗೆ ಬಂದು ನೋಡಿದ, ಪೆನ್ಸಿಲು ತೆಗೆದು ತಲೆ ಕೆರೆದುಕೊಂಡ.

“ಹಾಗಾದ್ರೆ ಈ ಹುಡುಗಿ ಉಗ್ರಾಣ ಸೇರಿದ್ದು ನನ್ನಿಂದ” ಎಂದ.

“ನೀವು ಒಳ್ಳೇದಕ್ಕೇ ಮಾಡಿದ್ರಿ. ಈಗ ನನಗೊಂದು ಮೀಟರ್ ಬಿಚ್ಚಿಕೊಡಿ. ಮಂಜು ಕಟ್ಟಿರೋದೇ ಕೊಡಿ.”

ಓಡಾಟಕ್ಕೆ ಹೋಗದೆ ನಿಂತಿದ್ದ ಹೆಚ್ಚುವರಿ ಬೈಕಿನ ಮೀಟರನ್ನು ಮೇಸ್ತ್ರಿ ತಾನೇ ಕಳಚಿ, ಚೀಟಿ ಬರೆದು ಸಹಿ ಹಾಕಿ ಕೊಟ್ಟ.

ಅಂದು ಮನೆಯಲ್ಲಿ ದರ್ಜಿಗೂ ಕೆಲಸ ಬಿತ್ತು. ನೀರು ಹೀರುವ ಹರಳುಗಳನ್ನು ತುಂಬಲು ಹೆಬ್ಬೆರಳಿನಷ್ಟು ದಪ್ಪದ ಬಟ್ಟೆ ಚೀಲಗಳು ಬೇಕಿದ್ದವು. “ಯಾರ ಅಳತೆ ಇದು?” ಎಂದು ಕೇಳಿ ಅವನು ಹತ್ತು ಹೊಲಿದು ಪರದೆಯ ಆಚೆಯಿಂದ ದಾಟಿಸಿದ. ಮೀಟರಕ್ಕ ಪೇಸ್ಟನ್ನು ಹಲ್ಲುಕಡ್ಡಿಯಲ್ಲಿ ಕೆರೆದು ತೆಗೆದಳು. ಡಬ್ಬಿ ಬಿಚ್ಚಿ, ಒಳಭಾಗವನ್ನು ಆ ಚೀಲಗಳ ಜೊತೆ ಬಿಗಿಮುಚ್ಚಳದ ಟಿನ್ನಿನಲ್ಲಿ ಒಂದು ದಿನ ಇಟ್ಟಳು. ಗಾಜಿನ ಸುತ್ತಲಿನ ರಬ್ಬರ್ ಪಟ್ಟಿ ಚಪ್ಪಟೆಯಾಗಿತ್ತು, ಹೊಸದು ಹಾಕಿದಳು. ಬುಧವಾರ ಸಂಜೆ ಮೀಟರು ಮತ್ತೆ ಬೈಕು ಸೇರಿತು. ತಳದ ತೂತು ತೆರೆದಿತ್ತು.

ಗುರುವಾರ ಹನ್ನೊಂದು ಗಂಟೆ. ವಿಚಾರಣೆ ಶೆಡ್ಡಿನ ಮುಂದಿನ ಅಂಗಳದಲ್ಲೇ ಆಗಲಿ ಎಂದು ನಾದಿನಿ ಅರ್ಜಿ ಕೊಟ್ಟಿದ್ದಳು. ಸಾಹೇಬರು ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಪಾಳಿ ಮುಗಿದ ಸವಾರರು ಮನೆಗೆ ಹೋಗದೆ ಗೋಡೆಗೊರಗಿ ನಿಂತಿದ್ದರು. ಮೀಟರಕ್ಕ ಒಂದು ಮೇಜುದೀಪ, ಒಂದು ಬಕೆಟ್ ತಣ್ಣೀರು, ಎರಡು ಬಟ್ಟೆ ತುಂಡು ಇಟ್ಟುಕೊಂಡು ಸಿದ್ಧಳಾಗಿದ್ದಳು.

“ನೀವು ಯಾರು?” ಎಂದರು ಸಾಹೇಬರು.

“ಇವಳ ಅತ್ತಿಗೆ ಸಾರ್.”

ಯಾರೋ ಕಿಸಕ್ಕೆಂದರು. ಸಾಹೇಬರು ಕನ್ನಡಕದ ಮೇಲಿಂದ ನೋಡಿದರು. “ವಿಚಾರಣೆಗೆ ಮನೆಯವರನ್ನ ಕರೆಯೋ ಪದ್ಧತಿ ಇಲ್ಲಮ್ಮ.”

“ಮನೆಯವಳಾಗಿ ಬಂದಿಲ್ಲ ಸಾರ್. ಮೀಟರ್ ರಿಪೇರಿ ನನ್ನ ಕಸುಬು. ಬೆಳಿಗ್ಗೆ ಇದ್ದ ಮಂಜು ಎಲ್ಲಿ ಅಂತ ನೀವು ಕೇಳಿದ್ರಂತೆ. ತೋರಿಸಿ ಹೋಗೋಣ ಅಂತ ಬಂದೆ. ಮುಕ್ಕಾಲು ಗಂಟೆ ಕೊಡಿ.”

ಸಾಹೇಬರು ಗಡಿಯಾರ ನೋಡಿ ತಲೆಯಾಡಿಸಿದರು.

ಅಂದು ದಾರಿಯಲ್ಲಿ ನಿಂತುಹೋದ ಬೈಕನ್ನೇ ಮುಂದೆ ತಂದು ನಿಲ್ಲಿಸಿದರು. ಗಾಜು ಥಳಥಳ ಹೊಳೆಯುತ್ತಿತ್ತು. ಮೀಟರಕ್ಕ ದೀಪವನ್ನು ಡಬ್ಬಿಯ ಹಿಂಬದಿಗೆ ಹತ್ತಿರವಾಗಿ ಹಿಡಿದು ಕೂತಳು. ಕಾಲು ಗಂಟೆ ದೀಪ ಕದಲಲಿಲ್ಲ. ನಾದಿನಿ ಸೀರೆಯ ಸೆರಗಿನಂತೆ ಸಮವಸ್ತ್ರದ ತುದಿಯನ್ನು ಸುರುಳಿ ಸುತ್ತಿ ಬಿಚ್ಚುತ್ತಿದ್ದಳು. ಆಮೇಲೆ ಮೀಟರಕ್ಕ ಬಟ್ಟೆಯನ್ನು ತಣ್ಣೀರಿನಲ್ಲಿ ಅದ್ದಿ, ಹಿಂಡಿ, ಗಾಜಿನ ಮೇಲೆ ಹೊದಿಸಿದಳು. ಮನಸ್ಸಿನಲ್ಲೇ ನೂರರವರೆಗೆ ಎಣಿಸಿ ಬಟ್ಟೆ ಎತ್ತಿದಳು.

ಗಾಜು ಬೆಳ್ಳಗಾಗಿತ್ತು.

“ಮುಳ್ಳು ಎಲ್ಲಿದೆ ಹೇಳಿ ಸಾರ್” ಎಂದಳು.

ಸಾಹೇಬರು ಎದ್ದು ಬಂದರು. ಬಗ್ಗಿದರು. ಕರವಸ್ತ್ರ ತೆಗೆದು ಗಾಜನ್ನು ಒರೆಸಿದರು. ಮಂಜು ಹೋಗಲಿಲ್ಲ. ಕನ್ನಡಕ ತೆಗೆದು ಅದನ್ನು ಒರೆಸಿಕೊಂಡು ಮತ್ತೆ ಬಗ್ಗಿದರು. ಗೋಡೆಯ ಹತ್ತಿರ ನಿಂತ ಸವಾರರ ತುಟಿಗಳು ಬಿಗಿದುಕೊಂಡವು, ನಗು ತಡೆಯಲು.

ಆದರೆ ಸಾಹೇಬರು ದಡ್ಡರಲ್ಲ. ನೆಟ್ಟಗೆ ನಿಂತು, “ಬಿಸಿ ಮಾಡಿ ಒದ್ದೆ ಬಟ್ಟೆ ಹಾಕಿದ್ರೆ ಯಾವ ಮೀಟರಿಗೂ ಹೀಗೇ ಆಗುತ್ತೆ. ಇದರಿಂದ ಏನು ಸಿದ್ಧವಾಯ್ತು?” ಎಂದರು.

ನಾದಿನಿಯ ಮುಖ ಇಳಿಯಿತು. ಮೀಟರಕ್ಕನ ಮುಖ ಮಾತ್ರ ಅರಳಿತು. ಅವಳು ಈ ಮಾತಿಗೇ ಕಾಯುತ್ತಿದ್ದಳು.

“ಸರಿಯಾದ ಪ್ರಶ್ನೆ ಸಾರ್. ಅದಕ್ಕೇ ಇನ್ನೊಂದು ಗಾಡಿ ಇಟ್ಕೊಂಡಿದ್ದೀನಿ. ಇದೇ ಜಾತಿ ಮೀಟರು, ಮೊನ್ನೆವರೆಗೂ ಇದೇ ಥರ ಮಂಜು. ನಾನು ಬಿಚ್ಚಿ ಸರಿ ಮಾಡಿದ್ದೀನಿ. ಈ ಸಲ ದೀಪ ನೀವೇ ಹಿಡೀರಿ, ಬಟ್ಟೆ ನೀವೇ ಹಾಕಿ. ನಾನು ಮುಟ್ಟಲ್ಲ.”

ಸಾಹೇಬರು ಅಂಗಿಯ ತೋಳು ಮಡಿಸಿಕೊಂಡು ದೀಪ ಹಿಡಿದರು. ಕಾಲು ಗಂಟೆ ಹಿಡಿದರು, ಕೈ ನೋವಾದರೂ ಬದಲಿಸಲಿಲ್ಲ. ಬಟ್ಟೆಯನ್ನು ತಾವೇ ಅದ್ದಿದರು, ತಾವೇ ಹೊದಿಸಿದರು, ಗಟ್ಟಿಯಾಗಿ ನೂರು ಎಣಿಸಿದರು. ಅರವತ್ತು ದಾಟುವಷ್ಟರಲ್ಲಿ ಸವಾರರೂ ಜೊತೆಗೆ ಎಣಿಸತೊಡಗಿದ್ದರು. ನೂರಕ್ಕೆ ಬಟ್ಟೆ ಎತ್ತಿದರು.

ಗಾಜಿನ ಮೇಲೆ ಹೊರಗಿನ ಒಂದೆರಡು ನೀರಹನಿ ಬಿಟ್ಟರೆ ಏನೂ ಇರಲಿಲ್ಲ. ಮುಳ್ಳು, ಅಂಕಿ, ಕೊನೆಯ ಸಣ್ಣ ಗೆರೆಯವರೆಗೆ ಎಲ್ಲ ಸ್ಪಷ್ಟ.

ಆಗ ಮೇಸ್ತ್ರಿ ಗುಂಪಿನಿಂದ ಮುಂದೆ ಬಂದ. ಯಾರೂ ಅವನನ್ನು ಕರೆದಿರಲಿಲ್ಲ. “ಸಾರ್, ತಳದ ತೂತು ಮುಚ್ಚಿದ್ದು ನಾನು. ತಿಳೀದೆ ಮಾಡಿದ್ದು. ನಾನು ಮುಚ್ಚಿದ ಹದಿಮೂರಕ್ಕೂ ಮಂಜು ಬಂದಿದೆ, ಮುಚ್ಚದ ಐದಕ್ಕೆ ಬಂದಿಲ್ಲ. ಹುಡುಗಿ ಹೇಳಿದ್ದು ನಿಜ. ಬರೆಯೋದಿದ್ರೆ ನನ್ನ ಹೆಸರಲ್ಲಿ ಬರೀರಿ.”

ಸಾಹೇಬರು ಎರಡು ಗಾಜುಗಳನ್ನೂ ಮತ್ತೊಮ್ಮೆ ಬಗ್ಗಿ ನೋಡಿದರು. ಆಮೇಲೆ ಕುರ್ಚಿಗೆ ಹೋಗಿ ಕೂತು ಕಡತ ಬಿಚ್ಚಿದರು. ತಮ್ಮ ಕೈಯಾರೆ ಬರೆದಿದ್ದ ಸಾಲಿನ ಮೇಲೆ ಅಡ್ಡ ಗೆರೆ ಎಳೆದು ಸಹಿ ಹಾಕಿದರು.

“ನಾನು ಮಧ್ಯಾಹ್ನ ನೋಡಿದೆ. ಬೆಳಿಗ್ಗೆ ಬಂದು ನೋಡಬೇಕಿತ್ತು” ಎಂದು ನಾದಿನಿಯ ಕಡೆ ತಿರುಗಿದರು. “ತಪ್ಪಾಯ್ತಮ್ಮ. ನಾಳೆಯಿಂದ ಗಾಡಿ ತಗೋ.”

ಮೇಸ್ತ್ರಿಯ ಹೆಸರಿನಲ್ಲಿ ಅವರು ಏನನ್ನೂ ಬರೆಯಲಿಲ್ಲ. ಮೀಟರಕ್ಕನನ್ನು ಮಾತ್ರ, “ಉಳಿದ ಹನ್ನೆರಡು ಎಷ್ಟು ದಿನದಲ್ಲಿ ಆಗುತ್ತೆ?” ಎಂದು ಕೇಳಿದರು.

“ಎಂಟು ದಿನ ಸಾರ್. ಆದ್ರೆ ಒಂದು ಮಾತು. ಆ ಪಂಪಿನ ನೀರನ್ನ ಮೀಟರಿಗೆ ಬಿಡಬಾರದು. ಮೀಟರನ್ನ ಬಟ್ಟೇಲಿ ಒರೆಸೋದು ಅಷ್ಟೆ.”

“ಬೋರ್ಡ್ ಹಾಕಿಸ್ತೀನಿ.”

ನಾದಿನಿ ಸಾಹೇಬರು ಹೋಗುವವರೆಗೆ ಗಂಭೀರವಾಗಿದ್ದಳು. ಅವರ ಬೆನ್ನು ತಿರುಗಿದ್ದೇ ತಡ, ಅತ್ತಿಗೆಯನ್ನು ಸೊಂಟ ಹಿಡಿದು ಎತ್ತಿ ಒಂದು ಸುತ್ತು ತಿರುಗಿಸಿಬಿಟ್ಟಳು. “ಇಳಿಸೇ, ಬಕೆಟ್ ಒದೀತೀಯ” ಎಂದು ಅತ್ತಿಗೆ ಹೇಳುವುದರೊಳಗೆ ಬಕೆಟ್ ಉರುಳಿತ್ತು. ಅಂಗಳವೆಲ್ಲ ನೀರು.

ಎಂಟು ದಿನ ಮೀಟರಕ್ಕ ಶೆಡ್ಡಿನಲ್ಲೇ ಮೇಜು ಹಾಕಿಕೊಂಡಳು. ಪಕ್ಕದಲ್ಲಿ ಮೇಸ್ತ್ರಿ ಕೂತು ಕಲಿತ. ಮೊದಲ ಮೂರನ್ನು ಅವಳು ಬಿಚ್ಚಿದಳು, ಅವನು ನೋಡಿದ. ನಂತರದ ಮೂರನ್ನು ಅವನು ಬಿಚ್ಚಿದ, ಅವಳು ನೋಡಿದಳು. ಕೊನೆಯ ಆರನ್ನು ಇಬ್ಬರೂ ಪೈಪೋಟಿಗೆ ಬಿದ್ದವರಂತೆ ಮಾಡಿದರು. ಮೇಸ್ತ್ರಿಯ ಕೈ ದಪ್ಪ, ಆದರೆ ಹದ ಬಂತು. ದರ್ಜಿ ಇನ್ನೂ ಐವತ್ತು ಪುಟ್ಟ ಚೀಲ ಹೊಲಿದು ಕಳಿಸಿದ, ಒಂದೊಂದಕ್ಕೂ ಬೇರೆ ಬೇರೆ ಬಣ್ಣದ ಅಂಚು ಇಟ್ಟು. ಕತ್ತಲ ಟಿನ್ನಿನೊಳಗೆ ಅದನ್ನು ಯಾರು ನೋಡುತ್ತಾರೆಂದು ಹೆಂಡತಿ ಕೇಳಿದ್ದಕ್ಕೆ, “ನಾನು ಹೊಲಿದದ್ದು ಅಂತ ನನಗೆ ಗೊತ್ತಿರಬೇಕಲ್ಲ” ಎಂದ.

ಒಂಬತ್ತನೆಯ ದಿನ ರಾತ್ರಿಯೆಲ್ಲ ಮಳೆ ಸುರಿಯಿತು. ಬೆಳಗಿನ ಚಳಿಗೆ ಕಿಟಕಿಗಳೆಲ್ಲ ಮಬ್ಬಾಗಿದ್ದವು. ಮೀಟರಕ್ಕ ಕೊಡೆ ಹಿಡಿದು ಶೆಡ್ಡಿಗೆ ಹೋದಳು. ಇದಕ್ಕಿಂತ ಕಠಿಣವಾದ ಪರೀಕ್ಷೆ ಬೇರೆ ಇರಲಿಲ್ಲ. ನಾದಿನಿ ಮೊದಲೇ ಬಂದು ಸಾಲಿನ ಈ ತುದಿಯಿಂದ ಆ ತುದಿಗೆ ನಡೆದು ಒಂದೊಂದು ಮೀಟರನ್ನೂ ಗಟ್ಟಿಯಾಗಿ ಓದುತ್ತಿದ್ದಳು. “ಮುಕ್ಕಾಲು ಟ್ಯಾಂಕು. ಪೂರ್ತಿ. ಪೂರ್ತಿ. ಅರ್ಧ, ಇದನ್ನ ಯಾರು ತುಂಬಿಸದೆ ಬಿಟ್ಟೋರು? ಪೂರ್ತಿ.” ಹದಿನೆಂಟೂ ಗಾಜು ಶುಭ್ರ. ಮೇಸ್ತ್ರಿ ಎರಡು ಲೋಟ ಚಹಾ ತಂದು ಒಂದನ್ನು ಮೀಟರಕ್ಕನಿಗೆ ಕೊಟ್ಟ. ಇಬ್ಬರೂ ನಿಂತು ಕುಡಿದರು.

ಆರು ಗಂಟೆಗೆ ಮೊದಲ ಕರೆ ಬಂತು. ನಾದಿನಿ ಪೆಟ್ಟಿಗೆ ಬಿಗಿದುಕೊಂಡು ಬೈಕು ಚಾಲೂ ಮಾಡಿದಳು. ಅತ್ತಿಗೆಯ ಮುಂದೆ ಹಾದುಹೋಗುವಾಗ ಒಮ್ಮೆ ಉದ್ದಕ್ಕೆ ಹಾರನ್ ಒತ್ತಿದಳು. ಹಿಂದೆಯೇ ಇನ್ನೊಂದು ದಿಕ್ಕಿಗೆ ಹೊರಟ ಸವಾರನೂ ಒತ್ತಿದ. ಶೆಡ್ಡಿನೊಳಗೆ ಇದ್ದವರು ನಾವೇನು ಕಮ್ಮಿ ಎಂದು ನಿಂತಲ್ಲಿಯೇ ಒತ್ತಿದರು.

ಗೇಟಿನ ಕಾವಲಿನವನು ಕೈ ಬೀಸುತ್ತ ಓಡಿಬಂದ. “ಆಸ್ಪತ್ರೆ ಕಣ್ರಯ್ಯಾ ಇದು, ರೋಗಿಗಳು ಮಲಗಿದ್ದಾರೆ” ಎಂದು ಎಲ್ಲರನ್ನೂ ಗದರಿದ. ಸದ್ದು ನಿಂತ ಮೇಲೆ ಮೀಟರಕ್ಕನ ಹತ್ತಿರ ಬಂದು ದನಿ ತಗ್ಗಿಸಿದ.

“ಅಕ್ಕಾ, ನನ್ನ ಗಾಡಿ ಅಲ್ಲಿ ಮರದ ಕೆಳಗಿದೆ. ಎರಡು ವರ್ಷದಿಂದ ಅದರ ಮುಳ್ಳೇ ನೋಡಿಲ್ಲ.”

ಅವಳು ಚಹಾದ ಲೋಟವನ್ನು ಮೇಸ್ತ್ರಿಯ ಕೈಗೆ ಕೊಟ್ಟು, ಕೊಡೆ ಬಿಚ್ಚಿಕೊಂಡು ಮರದ ಕಡೆಗೆ ಹೊರಟಳು.